ನಾನು ಕವಚ ತೊಟ್ಟ ದಿನಗಳು

ಬ್ಲೌಸ್ ಹೊಲಿಯುವವಳಿಗೆ ಕವಚ ಮಾಡುವ ಹುಚ್ಚು ಹತ್ತಿದರೆ ದಿನಕ್ಕೊಂದು ಫಜೀತಿ ತಪ್ಪುವುದಿಲ್ಲ. ಬೈಲಹೊಂಗಲದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬಿಡುವಿದ್ದಾಗ ಮೊಬೈಲಿನಲ್ಲಿ ಒಂದು ಗೇಮ್ ಆಡುತ್ತಿದ್ದೆ. ಅದರಲ್ಲೊಬ್ಬಳು ದೆವ್ವಗಳ ಜೊತೆ ಕಾದಾಡುವ ಯೋಧೆ. ಅವಳ ವೇಷ ತೊಟ್ಟು ಬೆಂಗಳೂರಿನ ಗೇಮಿಂಗ್ ಮೇಳದ ಸ್ಪರ್ಧೆಗೆ ಹೋಗಬೇಕೆಂದು ಹಟ ಹಿಡಿದೆ. ಇದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ. ಈ ಹುಚ್ಚಿನಲ್ಲಿ ನನಗೆ ಜೊತೆಯಾದವ ನಮ್ಮಜ್ಜ; ಅವನು ತೀರಿಕೊಂಡ ಮೇಲೆ ಅದೆಲ್ಲ ಹೆಚ್ಚು ನೆನಪಾಗುತ್ತದೆ.

ಫೋಮ್ ಖರೀದಿ

ಮಕ್ಕಳು ಬಿದ್ದರೆ ಪೆಟ್ಟಾಗದಿರಲೆಂದು ನೆಲಕ್ಕೆ ಹಾಸುವ ದಪ್ಪ ಫೋಮ್ ಇರುತ್ತದಲ್ಲ, ಕವಚಕ್ಕೆ ಅದೇ ಬೇಕಿತ್ತು.

"ಮನ್ಯಾಗ ಸಣ್ಣ ಕೂಸು ಐತೇನ್ರಿ ಅಕ್ಕಾರ?" ಎಂದ ಅಂಗಡಿಯವ.

"ಇಲ್ರಿ, ಎದಿಗೆ, ಬೆನ್ನಿಗೆ ಕವಚ ಮಾಡಬೇಕು."

"ಯಾರಿಗ್ರಿ?"

"ನನಗ."

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅತ್ತಿಯವರು ಭಾಳ ಜೋರ ಅದಾರೇನ್ರಿ?"

ನನಗಿನ್ನೂ ಮದುವೆಯೇ ಆಗಿರಲಿಲ್ಲ.

ಜಂಗ್

ನಮ್ಮಜ್ಜ ನಲವತ್ತು ವರ್ಷ ದೊಡ್ಡಾಟದಲ್ಲಿ ಪಾರ್ಟು ಮಾಡಿದವ. ಕಿರೀಟ, ಭುಜಕೀರ್ತಿ ಎಲ್ಲ ಸ್ವಂತ ಕೈಯಿಂದ ಮಾಡುತ್ತಿದ್ದ. ಮೇಳ ಮುರಿದ ಮೇಲೆ ಕಟ್ಟೆ ಮೇಲೆ ಸುಮ್ಮನೆ ಕೂತಿರುತ್ತಿದ್ದ.

ಗೇಮಿನ ಯೋಧೆಯ ಕವಚ ಹಳೆಯದು, ತುಕ್ಕು, ಅಂದರೆ ನಮ್ಮ ಕಡೆಯ ಜಂಗ್, ಹಿಡಿದದ್ದು. ಮೂರು ದಿನ ಕಂದು, ಕಪ್ಪು ಬಣ್ಣ ಬಳಿದು ಥೇಟ್ ಹಾಗೆಯೇ ಮಾಡಿದೆ. ಬ್ಲೌಸು ಕೊಡಲು ನೇಸರಗಿಗೆ ಹೋಗಿ ಬರುವಷ್ಟರಲ್ಲಿ ಅಜ್ಜ ಅದಕ್ಕೆಲ್ಲ ಬೆಳ್ಳಿ ಬೇಗಡಿ ಅಂಟಿಸಿ ಮಿರಮಿರ ಮಿಂಚಿಸಿದ್ದ.

"ಜಂಗ್ ಹಿಡದದ್ದು ಹಾಕ್ಕೊಂಡು ಮಂದ್ಯಾಗ ನಿಂದರತಿಯೇನವಾ? ನಾ ಇನ್ನೂ ಜೀವಂತ ಅದೇನಿ!"

ನಾನು ಅತ್ತೇ ಬಿಟ್ಟೆ. ಅಜ್ಜ ಗಾಬರಿಯಾಗಿ ತಾನೇ ಬೇಗಡಿ ಕಿತ್ತು, ಬ್ರಷ್ ಹಿಡಿದು ನನ್ನ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ನಿಟ್ಟುಸಿರು ಬಿಟ್ಟ.

"ಹೊಳಸೂದು ಕಲಿಯಾಕ ನನಗ ನಲವತ್ತು ವರ್ಷ ಹಿಡೀತು. ಜಂಗ್ ಹಚ್ಚೂದು ಒಂದ ದಿನದಾಗ ಬಂತು ನೋಡು!"

ಕಿತ್ತೂರ ಸ್ಟ್ಯಾಂಡಿನಲ್ಲಿ

ಅಜ್ಜನನ್ನೂ ಕರೆದುಕೊಂಡು ಬೆಂಗಳೂರಿಗೆ ಹೊರಟ ದಿನ ಕಿತ್ತೂರಿನಲ್ಲಿ ಬಸ್ ಬದಲಿಸಬೇಕಿತ್ತು. ಕೈಯಲ್ಲಿ ನಾಲ್ಕಡಿ ಫೋಮಿನ ಕತ್ತಿ. ಆ ಊರಿನಲ್ಲಿ ಹೆಣ್ಣುಮಗಳ ಕೈಯಲ್ಲಿ ಕತ್ತಿ ಕಂಡರೆ ಕೇಳುವುದು ಒಂದೇ ಪ್ರಶ್ನೆ.

"ರಾಣಿ ಪಾರ್ಟೇನವಾ?" ಎಂದಳು ಒಬ್ಬ ಮುದುಕಿ.

"ಅಲ್ಲಬೇ, ಈಕಿ ದೆವ್ವ ಬಡಿಯಾಕಿ" ಎಂದೆ.

ಮುದುಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ದೇವರ ಭೆಟ್ಟಿ ಆದಂಗಾತು. ಮೂರ ದಿನಾತು, ನಮ್ಮ ಎಮ್ಮಿ ಹಾಲ ಕೊಡವಲ್ದು. ಒಂದೀಟು ಬಂದು ಹೋಗವಾ!"

ಸಭೆಯಲ್ಲಿ

ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಯಾರೂ ಮಾತಾಡುವುದಿಲ್ಲ. ಸಂಗೀತಕ್ಕೆ ತಕ್ಕಂತೆ ತಿರುಗಿ, ಆಯುಧ ಎತ್ತಿ ನಿಲ್ಲಬೇಕು, ಅಷ್ಟೇ. ನನ್ನ ಸರದಿ ಬಂತು. ಎದುರಿಗೆ ಸಾವಿರ ಕಣ್ಣು. ಕತ್ತಿ ಎತ್ತಲೂ ಆಗದೆ ಕಂಬದಂತೆ ನಿಂತೆ.

ನಾನು ಮಾತು ಮರೆತಿದ್ದೇನೆಂದು ತಿಳಿದ ಅಜ್ಜ ಮುಂದಿನ ಸಾಲಿನಲ್ಲಿ ಎದ್ದು ನಿಂತ. ದೊಡ್ಡಾಟದಲ್ಲಿ ಪಾತ್ರಗಳನ್ನು ಮಾತಿಗೆಳೆಯುವ ಸಾರಥಿ ಇರುತ್ತಾನಲ್ಲ, ಅವನ ದನಿಯಲ್ಲಿ ಗುಡುಗಿದ.

"ಅಹಹಾ! ಬಂದಂಥಾ ವೀರರು ಯಾರು? ತಮ್ಮ ಪಟ್ಟಣ ಯಾವುದು?"

ಚಿಕ್ಕಂದಿನಿಂದ ಮನೆಯಲ್ಲಿ ಆಡಿದ ಆಟ. ಶಿರಸ್ತ್ರಾಣದೊಳಗಿಂದ ಉತ್ತರ ತಾನಾಗಿಯೇ ಹೊರಬಿತ್ತು. "ಎಲೈ ಸಾರಥಿ! ನಮ್ಮ ಪಟ್ಟಣ ಬೈಲಹೊಂಗಲ!"

"ಈ ಸಭೆಗೆ ಬಂದಂಥಾ ಕಾರಣ?"

"ಬಹುಮಾನ ಒಯ್ಯುವುದಕ್ಕೆ!"

ಸಭೆಗೆ ಸಭೆಯೇ ಎದ್ದು ಸಿಳ್ಳೆ ಹೊಡೆಯಿತು. ಹೆದರಿಕೆ ಎಲ್ಲಿ ಹೋಯಿತೋ, ಕತ್ತಿ ಎತ್ತಿ ಮೂರು ಸುತ್ತು ಕುಣಿದೆ. ನನಗೆ ಮೂರನೇ ಬಹುಮಾನ. ದೀಪ ಮಿನುಗುವ ರೆಕ್ಕೆ ಕಟ್ಟಿಕೊಂಡು ಬಂದಿದ್ದ ಹುಡುಗಿಗೆ ಮೊದಲನೆಯದು. ಅವಳು ವೇದಿಕೆ ಮೇಲೆಯೇ ಆನಂದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು.

ಹೊರಗೆ ಬರುವಾಗ ಅಜ್ಜ ನನ್ನ ಬೆನ್ನು ತಟ್ಟಿದ. "ಮನಸ್ಸಿಗೆ ಹಚ್ಕೋಬ್ಯಾಡವಾ. ಆ ಹುಡಿಗಿಗೆ ಒಂದ ಮಾತೂ ಬಾಯಿಪಾಠ ಇದ್ದಿಲ್ಲ. ಪಾಪ, ಅಳಾಕ ಹತ್ತ್ಯಾಳಂತ ಮೊದಲನೇದು ಕೊಟ್ಟು ಸಮಾಧಾನ ಮಾಡ್ಯಾರ!"