ಗೌಡರ ಫೋಟೊಕ್ಕೆ ಬಿದ್ದ ಹಾರ

ತಪ್ಪು ಎಂದರೆ ಸಾಸಿವೆ ಕಾಳಿನಷ್ಟು. ಹೆಸರು ಬರೆಯಬೇಕಾದ ಕಡೆ ಮೌನಪ್ಪ ನಂಬರು ಬರೆದಿದ್ದ, ಬರೆದು ನಿಶ್ಚಿಂತೆಯಿಂದ ಮಲಗಿದ್ದ.

ಶಹಾಪುರದ ಬಸ್ ನಿಲ್ದಾಣದ ಎದುರಿಗೆ ಖಾಜಾಹುಸೇನನ ಫ್ಲೆಕ್ಸ್ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ, ಬಿ.ಸಿ.ಎ. ಮುಗಿಸಿ ಊರಲ್ಲೇ ಉಳಿದ ಮೌನಪ್ಪ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಊರಿನ ಹುಟ್ಟುಹಬ್ಬ, ಮದುವೆ, ಸಾವು ಎಲ್ಲವೂ ಒಂದರ ಕೆಳಗೊಂದು ಕಾರ್ಡಿನಂತೆ ಕಾಣುವ ವೆಬ್ ಪುಟವೊಂದನ್ನು ಅವನು ಜಾವಾಸ್ಕ್ರಿಪ್ಟಿನಲ್ಲಿ ಕಟ್ಟಿದ್ದ. ಖಾಜಾಹುಸೇನ ತನ್ನ ಫೋನಿನಿಂದ ಹೆಸರು, ಫೋಟೊ ಕಳಿಸಿದರೆ ಸಾಕು, ಹೊಸ ಕಾರ್ಡು ಎಲ್ಲಕ್ಕೂ ಮೇಲೆ ಬಂದು ಕೂರುತ್ತಿತ್ತು. ಅಂಗಡಿಯ ಹಣೆಯ ಮೇಲೆ ದೊಡ್ಡ ಟಿವಿ ತೂಗುಹಾಕಿ ಅದರಲ್ಲಿ ಇದೇ ಪುಟ ಬಿಟ್ಟಿದ್ದರು. ಬಸ್ಸಿಗೆ ಕಾಯುವವರಿಗೆ ಬೇರೆ ಏನು ಕೆಲಸ? ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದರು.

ಆ ದಿನ ದೋರನಹಳ್ಳಿಯ ಭೀಮರಾಯಗೌಡರ ಹುಟ್ಟುಹಬ್ಬ. ಗೌಡರು ಎಂಥವರೆಂದರೆ, ಹೋದ ವರ್ಷ ಒಂದು ಫ್ಲೆಕ್ಸಿನಲ್ಲಿ ತಮ್ಮ ಫೋಟೊ ಇನ್ನೊಬ್ಬರದಕ್ಕಿಂತ ಚಿಕ್ಕದಾಗಿತ್ತೆಂದು ಆ ಫ್ಲೆಕ್ಸನ್ನೇ ಪ್ರಿಂಟ್ ಹಾಕಿದವನಿಗೆ ಚಾದರದಂತೆ ಹೊದಿಸಿ, ಬಿರುಬಿಸಿಲಲ್ಲಿ ಊರು ಸುತ್ತಿಸಿದ್ದರು. ಆದ್ದರಿಂದ ಮೌನಪ್ಪ ಅವರ ಕಾರ್ಡನ್ನು ಸಾಕಿದ ಮಗುವಿನಂತೆ ಜೋಪಾನವಾಗಿ ಸಿದ್ಧಮಾಡಿ, ಮುಂಜಾನೆ ತಾನಾಗಿ ಹೊರಬರುವಂತೆ ಇಟ್ಟು ಮನೆಗೆ ಹೋಗಿದ್ದ.

ಮುಂಜಾನೆ ಮಂಡಕ್ಕಿ ಸುಸಲದ ತುತ್ತು ಬಾಯಿಗಿಡುವಾಗ ಫೋನ್ ಬಂತು.

"ಮೌನಪ್ಪಾ, ಗೌಡ್ರು ಯಾವಾಗ ಹೋದ್ರು?" ಎಂದು ಖಾಜಾಹುಸೇನ ಕೇಳಿದ.

"ಎಲ್ಲಿಗ್ರಿ ಚಾಚಾ?"

"ಮ್ಯಾಲ. ನಮ್ಮ ಟಿವ್ಯಾಗ ಹಾರ ಹಾಕ್ಕೊಂಡು ನಗಾಕತ್ಯಾರ."

ಮೌನಪ್ಪ ಗಡಬಡಿಸಿ ತನ್ನ ಫೋನಿನಲ್ಲಿ ಪುಟ ತೆಗೆದ. ಗೌಡರ ಸುತ್ತ ಬಣ್ಣಬಣ್ಣದ ಬಲೂನು, ಮೇಲೆ 'ನೂರು ವರ್ಷ ಸುಖವಾಗಿ ಬಾಳಿರಿ' ಎಂಬ ತಲೆಬರಹ. ಎಲ್ಲವೂ ಸರಿಯಾಗಿತ್ತು.

"ನನ್ನ ಫೋನ್‌ನಾಗ ಬರೋಬರ್ ಅದ್ರಿ ಚಾಚಾ."

"ನಿನ್ನ ಫೋನ್ ನೋಡಿ ಗೌಡ್ರು ಸುಮ್ಮನಾಗ್ತಾರೇನು? ಜಲ್ದಿ ಬಂದು ಟಿವಿ ನೋಡು."

ಬಂದು ನೋಡಿದ. ಕಪ್ಪು ಕನ್ನಡಕ ಹಾಕಿ ಕೈ ಎತ್ತಿ ನಗುತ್ತಿರುವ ಗೌಡರ ಕೊರಳಿಗೆ ಚೆಂಡುಹೂವಿನ ಹಾರ, ಮೇಲೆ 'ಆತ್ಮಕ್ಕೆ ಚಿರಶಾಂತಿ ದೊರಕಲಿ'. ಅದರ ಕೆಳಗೆ, ಮೊನ್ನೆ ತೀರಿಕೊಂಡ ವಡಗೇರಾದ ದೇವಕಮ್ಮ ಎಂಬ ಮುದುಕಿಗೆ ಬಲೂನು ಕಟ್ಟಿ ನೂರು ವರ್ಷ ಬಾಳಲು ಹಾರೈಸಲಾಗಿತ್ತು.

ಪಕ್ಕದ ಚಹಾದಂಗಡಿಯ ಸುಂದ್ರಮ್ಮ ಆಗಲೇ ಗಿರಾಕಿಗಳಿಗೆ ಸಾವಿನ ವಿವರ ಕೊಡುತ್ತಿದ್ದಳು. "ರಾತ್ರಿ ಎದಿ ಹಿಡ್ಕೊಂಡು ಕುಂತ್ರಂತ. ನೀರು ಕೇಳಿದ್ರಂತ. ತರೋದ್ರಾಗ ಹೋಗ್ಯಾರ ನೋಡ್ರಿ."

"ನಿಂಗ ಯಾರು ಹೇಳಿದ್ರು ಅಕ್ಕಾ?" ಎಂದು ಮೌನಪ್ಪ ಕೇಳಿದ.

"ಯಾರು ಹೇಳ್ಬೇಕು? ಟಿವ್ಯಾಗ ಬಂದದ. ಆಮ್ಯಾಲ ಅವರಿಗಿ ಬಿಪಿ ಇತ್ತು."

ಇಷ್ಟರಲ್ಲಿ ಯಾದಗಿರಿ ಬಸ್ಸು ಹೊರಟಿತು. ಕಿಟಕಿಯ ಪಕ್ಕದವರೆಲ್ಲ ಟಿವಿಗೆ ಕೈಮುಗಿದು ಹೋದರು. ಆ ಬಸ್ಸು ದೋರನಹಳ್ಳಿಯ ಮೇಲೆಯೇ ಹೋಗುತ್ತದೆಂಬುದು ಮೌನಪ್ಪನಿಗೆ ನೆನಪಾಯಿತು.

ಅವನು ಒಳಗೆ ಓಡಿ ಟಿವಿಯ ಪುಟವನ್ನು ರಿಫ್ರೆಶ್ ಮಾಡಿದ. ಹಾರ ಮಾಯವಾಗಿ ಬಲೂನು ಬಂತು. ದೇವಕಮ್ಮನ ಹಾರ ದೇವಕಮ್ಮನಿಗೇ ಹೋಯಿತು.

"ನೋಡ್ರಿ, ಮುಚ್ಚಿಟ್ರು," ಎಂದಳು ಸುಂದ್ರಮ್ಮ. "ದೊಡ್ಡ ಮನೆತನ. ಆಸ್ತಿ ಹಂಚೋತನ ಸಾವು ಹೊರಗ ಬಿಡಾಂಗಿಲ್ಲ."

ಜನರ ಗಮನ ಬೇರೆಡೆ ತಿರುಗಲೆಂದು ಖಾಜಾಹುಸೇನ ಹೊಲಿಗೆ ತರಬೇತಿಯ ಜಾಹೀರಾತೊಂದನ್ನು ಫೋನಿನಿಂದ ಕಳಿಸಿದ. ಅದು ಮೇಲಕ್ಕೆ ಬಂತು, ಗೌಡರು ಒಂದು ಮೆಟ್ಟಿಲು ಕೆಳಗಿಳಿದರು. ಇಳಿದದ್ದೇ ತಡ, ಅವರ ಕೊರಳಿಗೆ ಮತ್ತೆ ಹಾರ ಬಿತ್ತು. ಬಲೂನುಗಳು ಹೊಲಿಗೆ ಯಂತ್ರದ ಸುತ್ತ ಹಾರಾಡತೊಡಗಿದವು.

ಒಂದೇ ಮುಂಜಾನೆ ಗೌಡರು ಎರಡನೆಯ ಸಲ ತೀರಿಕೊಂಡಿದ್ದರು.

"ಮೊದಲ್ನೇ ಸಲ ತಪ್ಪಾಗ್ಯದ ಅಂತ ಹೇಳ್ಬಹುದಿತ್ತು," ಖಾಜಾಹುಸೇನ ಕುರ್ಚಿಯಲ್ಲಿ ಕುಸಿದು ಕೂತ. "ಎರಡ್ನೇ ಸಲಕ್ಕ ಏನಂತ ಹೇಳ್ತಿ, ಹೇಳು."

"ಗೌಡ್ರಿಗಿ ಫೋನ್ ಹಚ್ಚಿ ಮೊದಲೇ ತಿಳಿಸ್ಬಿಡ್ರಿ ಚಾಚಾ."

"ಏನಂತ ಹೇಳ್ಲಿ? ಇದೀರೇನ್ರಿ ಅಂತ ಕೇಳ್ಲೇನು?"

ಖಾಜಾಹುಸೇನ ಹೆದರಿಕೆಗೆ ಟಿವಿಯನ್ನೇ ಬಂದ್ ಮಾಡಿ, ಅಂಗಡಿಯ ಶಟರನ್ನು ಅರ್ಧ ಎಳೆದ. ಅದನ್ನು ಕಂಡ ಸುಂದ್ರಮ್ಮ, "ಭಾಯಿ ಭಾಳ ಮರ್ಯಾದಸ್ಥ. ಗೌಡ್ರ ದುಃಖಕ್ಕ ದುಕಾನ ಮುಚ್ಯಾನ" ಎಂದು ತನ್ನ ಒಲೆಯನ್ನೂ ಆರಿಸಿದಳು. ಅದನ್ನು ಕಂಡು ಮೊಬೈಲ್ ಅಂಗಡಿಯ ಯೂನುಸ ಶಟರ್ ಎಳೆದ. ಹಣ್ಣಿನ ಬಂಡಿಗಳು ತಾಡಪತ್ರಿ ಹೊದ್ದವು. ಗೌಡರ ಕಡೆಯವರು ನಾಳೆ 'ನೀನ್ಯಾಕ ಮುಚ್ಚಲಿಲ್ಲ' ಎಂದು ಕೇಳಿದರೆ ಗತಿಯೇನು? ನೋಡನೋಡುತ್ತ ಆ ಸಾಲೆಲ್ಲ ಬಂದ್ ಆಯಿತು. ಯಾರೋ ಫೋಟೊ ತೆಗೆದು ಸುರಪುರದವರೆಗೂ ವಾಟ್ಸಾಪ್ ಮಾಡಿದರು.

ಮೌನಪ್ಪ ಕತ್ತಲು ಕೋಣೆಯಲ್ಲಿ ಕಂಪ್ಯೂಟರಿನೊಳಗೆ ತಲೆ ಹಾಕಿದ. ಕಳಿಸಿದ ಹೆಸರು ಸರಿ. ಫೋಟೊ ಸರಿ. ಹುಟ್ಟುಹಬ್ಬವೆಂದೇ ದಾಖಲಾಗಿದೆ. ಬದಲಾಯಿಸಿ ನೋಡಿದ, ಪ್ರತಿ ಸಲ ರಿಫ್ರೆಶ್ ಮಾಡಿ ನೋಡಿದ, ಎಲ್ಲ ಸಲವೂ ಸರಿ. ಹಾರದ ಜಾಡೇ ಇಲ್ಲ. ತನ್ನೆದುರು ಸಾಧುವಾಗಿ ಕೂತು ಬೀದಿಗೆ ಹೋದೊಡನೆ ಹುಚ್ಚೆದ್ದು ಕುಣಿಯುವ ಕಾರ್ಡಿಗೆ ಏನು ಮಾಡುವುದು? ಪ್ರತಿ ಕಾರ್ಡೂ ತಾನು ಹುಟ್ಟಿದ ಗಳಿಗೆಯಲ್ಲಿ ಹಾರವೋ ಬಲೂನೋ ಎಂದು ತೀರ್ಮಾನಿಸಿ ಆ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ನೆನಪು ಸರಿಯಾಗಿದೆ, ಮಾಹಿತಿಯೂ ಸರಿಯಾಗಿದೆ. ಆದರೂ ಒಬ್ಬರ ನೆನಪು ಇನ್ನೊಬ್ಬರ ಹೊಟ್ಟೆ ಸೇರುತ್ತಿದೆ. ಹೊರಗೆ ಜೀಪಿನ ಸದ್ದಾದಾಗಲೆಲ್ಲ ಅವನ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತುಬಿಡುತ್ತಿದ್ದವು.

ಶಟರಿನಡಿಯಿಂದ ಯಾರೋ ಬಗ್ಗಿ ಒಳಗೆ ಬಂದರು. ಮೌನಪ್ಪ ಮೇಜಿನ ಕೆಳಗೆ ಹೋಗುವಷ್ಟರಲ್ಲಿ ಅವರು ಗೌಡರಲ್ಲ ಎಂದು ತಿಳಿಯಿತು. ವಡಗೇರಾದ ಅಂಬ್ರಪ್ಪ ಮಾಸ್ತರರು, ದೇವಕಮ್ಮನ ಮಗ. ಬೈಯಲಿಲ್ಲ, ಕೈಯೆತ್ತಲಿಲ್ಲ.

"ನಮ್ಮವ್ವ ಹುಟ್ಟಿದ ದಿನ ಯಾವುದಂತ ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲ ತಮ್ಮಾ," ಎಂದರು ಮೆಲ್ಲಗೆ. "ಇದ್ದಾಗ ಒಮ್ಮಿನೂ ಆಕಿ ಹುಟ್ಟುಹಬ್ಬ ಮಾಡಿದ್ದಿಲ್ಲ. ಹೋದ ಮ್ಯಾಲ ನೀ ಬಲೂನ್ ಕಟ್ಟೀದಿ. ಸರಿ ಮಾಡಪ್ಪ."

ಅಷ್ಟು ಹೇಳಿ ಹೋದರು. ಹೊಡೆದಿದ್ದರೆ ಮೌನಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಮಾನದಿಂದ ಅವನ ಕಣ್ಣು ತುಂಬಿದವು. ಕಣ್ಣೊರೆಸಿಕೊಳ್ಳುವ ಮೊದಲೇ ಫೋನ್ ಬಂತು.

"ಮೌನಪ್ಪ ಅಂದ್ರ ನೀನೇ ಏನು? ನಾ ಬಸು, ಗೌಡ್ರ ಡ್ರೈವರ್. ಗೌಡ್ರು ನಿನ್ನ ಕರಕೊಂಡು ಬಾ ಅಂದಾರ. ಸದ್ಯ ಮನಿ ಮುಂದ ಮಂದಿ ಜಾಸ್ತಿ ಆಗಿ ಗಾಡಿ ಹೊರಗ ಬರವಲ್ದು. ಬರ್ತೀನಿ. ಎಲ್ಲೂ ಹೋಗಬ್ಯಾಡ."

ಎಲ್ಲೂ ಹೋಗಬೇಡ ಎಂದರೆ ಹೋಗಲೇಬೇಕು ಎಂಬುದು ಮೌನಪ್ಪನಿಗೆ ಸ್ಪಷ್ಟವಾಯಿತು. ಸುರಪುರದಲ್ಲಿ ಅತ್ತೆಯ ಮನೆಯಿತ್ತು. ಹಿಂದಿನ ಬಾಗಿಲಿನಿಂದ ಜಾರಿ, ಮುಖಕ್ಕೆ ಕರವಸ್ತ್ರ ಕಟ್ಟಿ, ಹೊರಡಲು ನಿಂತಿದ್ದ ಸುರಪುರ ಬಸ್ಸಿನ ಕೊನೆಯ ಸೀಟಿನಲ್ಲಿ ಮುದುಡಿ ಕೂತ.

ಮುಂದಿನ ಸೀಟಿನ ಹತ್ತಿರ ಜಗಳ ನಡೆದಿತ್ತು. ಯಾರೋ ಒಬ್ಬ ಕಿಟಕಿಯಿಂದ ಕೆಂಪು ಟವೆಲ್ ಹಾಕಿ ಮೊದಲನೆಯ ಸೀಟು ಹಿಡಿದಿದ್ದ. ಆಮೇಲೆ ಒಬ್ಬ ಮುದುಕಿ ಬಂದಳೆಂದು ಅವಳಿಗೆ ಜಾಗ ಬಿಟ್ಟು ತಾನು ಹಿಂದಿನ ಸೀಟಿಗೆ ಸರಿದಿದ್ದ. ಟವೆಲ್ ಮಾತ್ರ ಅಲ್ಲೇ ಉಳಿದಿತ್ತು. ಕಂಡಕ್ಟರ್ ಬಂದು ಮುದುಕಿಯನ್ನು ಹಿಡಿದುಕೊಂಡಿದ್ದ.

"ಯವ್ವಾ, ಈ ಮೆಣಸಿನಕಾಯಿ ಮೂಟಿ ಲಗೇಜ್ ಟಿಕೆಟ್ ತಗೋ."

"ನನ್ನ ಮೂಟಿ ಅಲ್ಲಪ್ಪೋ."

"ಟವೆಲ್ ಹಾಕಿದ ಸೀಟಿನವ್ರದು ಅಂತ ಡ್ರೈವರ್ ಹೇಳ್ಯಾನ. ಟವೆಲ್ ನಿನ್ನ ಸೀಟಿನ ಮ್ಯಾಲ ಅದ."

ಕೊನೆಯ ಸೀಟಿನಲ್ಲಿ ಮೌನಪ್ಪ ಎದ್ದು ನಿಂತ. ಹಾರ ದೇವಕಮ್ಮನಿಗೆ ಹಾಕಿದ್ದಲ್ಲ, ಮೊದಲನೆಯ ಜಾಗಕ್ಕೆ ಹಾಕಿದ್ದು. ತಾನು ಕಾರ್ಡುಗಳನ್ನು ಹೆಸರಿನಿಂದ ಗುರುತಿಸಲು ಹೇಳಿಲ್ಲ, ಒಂದು, ಎರಡು, ಮೂರು ಎಂದು ಜಾಗದ ನಂಬರಿನಿಂದ ಗುರುತಿಸಲು ಹೇಳಿದ್ದೇನೆ. ಹೊಸಬರು ಮೇಲೆ ಬಂದಾಗ ಜನ ಸರಿಯುತ್ತಾರೆ, ಹಾರ ಸರಿಯುವುದಿಲ್ಲ. ರಿಫ್ರೆಶ್ ಮಾಡಿದಾಗ ಎಲ್ಲರೂ ಹೊಸದಾಗಿ ಹುಟ್ಟುತ್ತಾರೆ, ಅದಕ್ಕೇ ತನ್ನ ಕಣ್ಣಿಗೆ ಅದು ಬೀಳಲಿಲ್ಲ.

ಬುದ್ಧಿಯಿದ್ದವನಾಗಿದ್ದರೆ ತಿಳಿದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಸುರಪುರಕ್ಕೆ ಹೋಗಿ ಅತ್ತೆಯ ಕೈಯ ರೊಟ್ಟಿ ತಿನ್ನುತ್ತಿದ್ದ. ಆದರೆ ದಿನವಿಡೀ ಕಾಡಿದ ದೋಷ ಕೈಗೆ ಸಿಕ್ಕಾಗ ಈ ಕೆಲಸದವರಿಗೆ ಪ್ರಾಣದ ಪರಿವೆ ಇರುವುದಿಲ್ಲ. ಅಂಬ್ರಪ್ಪ ಮಾಸ್ತರರ ಮುಖವೂ ಕಣ್ಣಮುಂದಿತ್ತು. ಹೊರಟಿದ್ದ ಬಸ್ಸು ನಿಲ್ಲಿಸಿ, ಕಂಡಕ್ಟರನಿಂದ ಬೈಸಿಕೊಂಡು ಇಳಿದ. ಓಡಿಬಂದು ನಂಬರಿದ್ದ ಕಡೆ ಹೆಸರು ಬರೆದ. ಟಿವಿ ಹಚ್ಚಿದ. ಮೇಲೊಂದು ಜಾಹೀರಾತು ಹಾಕಿದ, ತೆಗೆದ, ಎರಡು ಹಾಕಿದ. ಗೌಡರು ಎಲ್ಲಿಗೆ ಸರಿದರೂ ಬಲೂನಿನೊಂದಿಗೇ ಸರಿದರು. ಹಾರ ದೇವಕಮ್ಮನನ್ನು ಬಿಟ್ಟು ಕದಲಲಿಲ್ಲ.

"ಆಯ್ತು ಚಾಚಾ. ಇನ್ನ ನೂರು ಕಾರ್ಡ್ ಹಾಕಿದ್ರೂ ಗೌಡ್ರು ಸಾಯಾಂಗಿಲ್ಲ," ಎಂದು ಮೌನಪ್ಪ ಮುಂಜಾನೆಯಿಂದ ಮೊದಲ ಸಲ ನಕ್ಕ.

ಖಾಜಾಹುಸೇನ ಶಟರು ಪೂರ್ತಿ ಏರಿಸಿದ. ಮೆಲ್ಲಗೆ ಅಕ್ಕಪಕ್ಕದ ಅಂಗಡಿಗಳೂ ತೆರೆದವು. ಸುಂದ್ರಮ್ಮ ಒಲೆ ಹಚ್ಚಿ, "ಬದುಕ್ಯಾರಂತ. ಕಲಬುರಗಿ ಡಾಕ್ಟರ್ ಕೈಗುಣ ಛಲೋ ಅದ" ಎಂದು ಹೊಸ ಸುದ್ದಿ ಹಂಚಿದಳು. ಸಂಜೆ ಬಿಸಿಲು ತಗ್ಗುವ ಹೊತ್ತಿಗೆ, ಚಹಾ ಕುಡಿಯುತ್ತಿದ್ದ ಮೌನಪ್ಪನ ಮುಂದೆ ಜೀಪು ಬಂದು ನಿಂತಿತು.

"ಹತ್ತು," ಎಂದ ಬಸು.

ದಾರಿಯುದ್ದಕ್ಕೂ ಮೌನಪ್ಪ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು, ನಂಬರು, ಹೆಸರು, ಜಾಗ, ಟವೆಲ್ ಎಂದು ಗೌಡರಿಗೆ ಹೇಳಬೇಕಾದ ಮಾತನ್ನು ಪಾಠದಂತೆ ಒಪ್ಪಿಸಿಕೊಳ್ಳುತ್ತಿದ್ದ. ದೋರನಹಳ್ಳಿಯಲ್ಲಿ ರಸ್ತೆ ಪಕ್ಕದ ದೊಡ್ಡ ಮನೆಯೆದುರು ಇಳಿದಾಗ ಅದರ ಒಂದು ಅಕ್ಷರವೂ ನೆನಪಿರಲಿಲ್ಲ.

ಕಟ್ಟೆಯ ಮೇಲೆ ಗೌಡರು ಕೂತಿದ್ದರು. ಪಕ್ಕದಲ್ಲಿ ಸೊಂಟದೆತ್ತರಕ್ಕೆ ಹೂವಿನ ಹಾರಗಳ ರಾಶಿ. ಮೌನಪ್ಪ ನೇರ ಹೋಗಿ ಕಾಲು ಹಿಡಿದ.

"ತಪ್ಪಾಯ್ತ್ರಿ ಗೌಡ್ರ. ಹಾರ ಬಿದ್ದದ್ದು ನನ್ನಿಂದೇರಿ."

"ಏಳು," ಎಂದರು ಗೌಡರು. ದನಿಯಲ್ಲಿ ಸಿಟ್ಟಿರಲಿಲ್ಲ. "ವರ್ಷಾ ಹುಟ್ಟುಹಬ್ಬಕ್ಕ ಕರದ್ರೂ ಮಂದಿ ಬರ್ತಿದ್ದಿಲ್ಲ. ಇವತ್ತು ಕರೀಲಾರ್ದೆ ಬಂದಾರ. ನನ್ನ ಎದುರು ಚುನಾವಣಿಗಿ ನಿಂತಾವ, ನಾ ಒಳಗ ಇದ್ದದ್ದು ಗೊತ್ತಿಲ್ದ, ಅಂಗಳದಾಗ ಕುಂತು ಇಂಥಾ ಮನಷ್ಯಾ ತಾಲೂಕಿನಾಗೇ ಇಲ್ಲಂತ ಅತ್ತಾನ. ಎಲ್ಲಾರೂ ವಿಡಿಯೋ ಮಾಡ್ಕೊಂಡಾರ. ನಿಂಗ ಶಾಲು ಹೊದಿಸಿ ಕಳಸ್ಬೇಕಂತ ಮುಂಜಾನೇ ಕರ್ಯಾಕ ಹೇಳಿದ್ದೆ."

ಮೌನಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೋದ ಜೀವ ಮರಳಿ ಬಂದಂತಾಗಿ ನಗಲೂ ಹೊರಟ.

"ನಗಬ್ಯಾಡ, ಇನ್ನಾ ಮುಗಿದಿಲ್ಲ. ಪಾರ್ಟಿ ಜಿಲ್ಲಾ ಅಧ್ಯಕ್ಷ, ಎರಡು ವರ್ಷದಿಂದ ನನ್ನ ಫೋನ್ ಎತ್ತಿಲ್ಲ. ನಾ ಚುನಾವಣಿ ಟಿಕೆಟ್ ಕೇಳ್ತೀನಂತ ಹೆದರಿಕಿ. ಸುರಪುರದಾಗ ಇದ್ದ. ನಾ ಸತ್ತೆ ಅಂತ ಕೇಳಿ ಧೈರ್ಯ ಬಂದು, ನನ್ನ ಮನಿಗಿ ಅಂತ್ಲೇ ಹೊಂಟಾನ. ಬಂದ್ರ ಕೈ ಹಿಡಕೊಂಡು ಒಳಗ ಕೂಡ್ಸಿ ಟಿಕೆಟ್ ಮಾತು ಮುಗಿಸ್ತಿದ್ದೆ. ಶಹಾಪುರದಾಗ ಹಾರ ತಗೊಳ್ಳಾಕ ಗಾಡಿ ನಿಲ್ಸಿ ನಿಮ್ಮ ಟಿವಿ ನೋಡ್ಯಾನ."

ಗೌಡರು ಎದ್ದು ನಿಂತರು.

"ಟಿವ್ಯಾಗ ನಾನು ನೂರು ವರ್ಷ ಬಾಳ್ತೀನಂತ ಇತ್ತು. ನಾ ರಸ್ತೆದಾಗ ನಿಂತು ಕೈ ಮಾಡೇ ಮಾಡಿದೆ. ಗ್ಲಾಸ್ ಏರಿಸ್ಕೊಂಡು ಸೀದಾ ಯಾದಗಿರಿಗಿ ಹೋದ. ಆ ಹಾರ ತೆಗೆದಾವ ಯಾರು?"

ಮೌನಪ್ಪ ಲ್ಯಾಪ್‌ಟಾಪನ್ನು ಬೆನ್ನ ಹಿಂದೆ ಅಡಗಿಸಿದ.

"ನೀ ನನ್ನ ಸಾಯಿಸಿದ್ದಕ್ಕ ಸಿಟ್ಟಿಲ್ಲ. ಬದುಕಿಸಿದ್ದಕ್ಕ ಅದ," ಗೌಡರು ಅಂಗಿಯ ತೋಳು ಮಡಿಚತೊಡಗಿದರು. "ನಾಳಿ ಮುಂಜಾನಿ ಅಂವ ಇದೇ ದಾರೀಲೇ ತಿರುಗಿ ಬರ್ತಾನ. ಮೊದಲ್ನೇ ಬಸ್ಸಿನ ಮಂದಿ ನಿಮ್ಮ ಟಿವಿ ನೋಡಿ ಯಾದಗಿರಿಗಿ ಸುದ್ದಿ ಮುಟ್ಟಸ್ತಾರ. ಅಷ್ಟರಾಗ ನಾ ಮತ್ತ ಸತ್ತಿರ್ಬೇಕು."

"ಆಗಾಂಗಿಲ್ರಿ ಗೌಡ್ರ," ಮೌನಪ್ಪ ಅಳುವುದೊಂದು ಬಾಕಿ. "ಅದು ತಾನಾಗೇ ಬರ್ತಿತ್ರಿ. ಈಗ ಬರಾಂಗಿಲ್ಲ. ಹಾಕಿದ್ರ ನನ್ನ ಕೈಲೇ ಹಾಕ್ಬೇಕಾಗ್ತದ."

"ಕೈಲೇ ಹಾಕು. ಹಾಕಲಿಲ್ಲಂದ್ರ ಆ ಕೈ ಇರಾಂಗಿಲ್ಲ."

ಆಗ ಒಳಗಿನಿಂದ ಗೌಡರ ಹೆಂಡತಿ ಭಾಗಮ್ಮ ಹೊಸ್ತಿಲಿಗೆ ಬಂದಳು. ಮೌನಪ್ಪನಿಗೆ ಆಸರೆ ಸಿಕ್ಕಂತಾಯಿತು. ಅವಳ ಒಂದು ಕೈಯಲ್ಲಿ ಒನಕೆಯಿತ್ತು, ಇನ್ನೊಂದು ಕೈಯ ಹಸಿರು ಬಳೆಗಳಲ್ಲಿ ಅರ್ಧ ಒಡೆದಿದ್ದವು.

"ಹಾಕಪ್ಪ, ಹಾಕು," ಎಂದಳು ತಣ್ಣಗೆ. "ಮುಂಜಾನಿ ಓಣಿ ಹೆಂಗಸ್ರು ಬಂದು ನನ್ನ ಕೈ ಹಿಡಿದು ಬಳಿ ಒಡ್ಯಾಕ ಸುರು ಮಾಡಿದ್ರು. ಗಂಡ ಒಳಗ ಗೊರಕಿ ಹೊಡ್ಯಾಕತ್ತಿದ್ದ. ಇನ್ನೊಮ್ಮಿ ಆ ಟಿವ್ಯಾಗ ಹಾರ ಕಂಡ್ರ, ಅದರಾಗಿನ ಫೋಟೊ ನಿಂದೇ ಆಗಿರ್ತದ."

ಮೌನಪ್ಪ ಒಮ್ಮೆ ಗೌಡರನ್ನು, ಒಮ್ಮೆ ಒನಕೆಯನ್ನು ನೋಡಿದ. ಬಸು ಜೀಪು ತಿರುಗಿಸಿ ತಂದ.

ಬೆಳಗಾಗುತ್ತಲೇ ಶಹಾಪುರಕ್ಕೆ ಬಂದು ಟಿವಿ ನೋಡುವುದಾಗಿ ಗೌಡರು ಹೇಳಿದರು. ತಾನೂ ಜೊತೆಗೆ ಬರುವುದಾಗಿ ಭಾಗಮ್ಮ ಹೇಳಿದಳು.