ಭಜಿ ಒಲೆಯ ಸಾಮಂತ

ವಾಡಿ ಜಂಕ್ಷನ್ನಿಗೆ ರೈಲುಗಾಡಿ ಸರಿಯಾದ ಹೊತ್ತಿಗೆ ಬಂದರೆ ಯಾರಿಗಾದರೂ ಕೇಡು ಕಾದಿರುತ್ತದೆ. ಅಂದು ಅದು ಭಾಗಣ್ಣನಿಗೆ ಕಾದಿತ್ತು.

ಸ್ಟೇಷನ್ನಿನ ಎದುರಿಗೆ ಅಪ್ಪ ಬಿಟ್ಟುಹೋದ ಹೋಟೆಲು ಅವನದು. ಪಕ್ಕದಲ್ಲಿ ಏಸಿ ಹೋಟೆಲು ಬಂದ ಮೇಲೆ ಇಲ್ಲಿ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚು. ಇದನ್ನು ಮುಚ್ಚಿದರೆ ಬೇರೆ ಕಸುಬು ಗೊತ್ತಿಲ್ಲ, ಪಾಪ. ಸೇಡಂ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸಿರಾಜುದ್ದೀನ ಸರ್ ದಿನಾ ಗಾಡಿ ಹತ್ತುವ ಮುಂಚೆ ಇಲ್ಲಿ ಚಹಾ ಕುಡಿಯುತ್ತಿದ್ದರು. ಅವರ ಮುಂದೆ ಭಾಗಣ್ಣ ತನ್ನ ಗೋಳು ತೋಡಿಕೊಂಡ.

"ನಮ್ಮ ಮಳಖೇಡದ ರಾಷ್ಟ್ರಕೂಟರನ್ನ ನೋಡು ಭಾಗಣ್ಣ," ಎಂದರು ಸರ್. "ಅಷ್ಟು ದೊಡ್ಡ ರಾಜ್ಯ ಒಬ್ಬರ ಕೈಲೆ ಹ್ಯಾಂಗ ಆಗ್ತದ? ಅದಕ್ಕ ಸಾಮಂತರನ್ನ ಮಾಡಿದ್ರು. ಸೀಮಿ ಬಿಟ್ಟುಕೊಟ್ಟು, ಕಪ್ಪ ತಗೊಂಡು ಆರಾಮ ಕುಂತ್ರು. ಆದ್ರ ಕಡೀಕ..."

ಗಾಡಿ ಕೂಗಿತು. ಸರ್ ಎದ್ದೆನೋ ಬಿದ್ದೆನೋ ಎಂದು ಓಡಿದರು.

'ಆರಾಮ ಕುಂತ್ರು' ಎಂಬುದಷ್ಟೇ ಭಾಗಣ್ಣನ ತಲೆಯಲ್ಲಿ ಉಳಿಯಿತು. ಒಳಗೆ ಮಿರ್ಚಿ ಭಜಿ ಕರಿಯುತ್ತಿದ್ದ ಕೆಲಸದ ಗುಂಡಮ್ಮನನ್ನು ಕರೆದ.

"ಇವತ್ತಿಂದ ನೀ ನನ್ನ ಸಾಮಂತ. ಒಲಿ, ಬಾಣಲಿ ನಿನ್ನವೇ. ಹೊರಗ ಬೇವಿನ ಗಿಡದ ಕೆಳಗ ಇಟ್ಟುಕೋ, ಗಾಡಿ ಮಂದಿ ಕಣ್ಣಿಗೆ ಬೀಳ್ತದ. ಸಂಜೀಕ ನನ್ನ ಕಪ್ಪ ಕೊಟ್ಟರ ಸಾಕು."

"ಹಂಗೇ ಆಗಲಿ ಸಾವಕಾರ್ರ," ಎಂದಳು.

ಭಜಿಯ ವಾಸನೆಗೆ ಗಾಡಿ ಇಳಿದವರೆಲ್ಲ ಗಿಡದ ಕೆಳಗೇ ನಿಂತರು. ನಿಂತವರು ಕೂರಬೇಕೆಂದು ಬೆಂಚುಗಳು ಹೊರಗೆ ಹೋದವು. ಭಜಿ ತಿಂದ ಬಾಯಿಗೆ ಚಹಾ ಬೇಕಲ್ಲ, ಕಿಟ್ಲಿಯೂ ಹೋಯಿತು. ಮಧ್ಯಾಹ್ನ ಏಸಿ ಹೋಟೆಲಿನವರೇ ಬಂದು ಭಜಿ ಕಟ್ಟಿಸಿಕೊಂಡು ಹೋದರು. ಒಳಗೆ ಉಳಿದದ್ದು ಭಾಗಣ್ಣ ಮತ್ತು ಗೋಡೆಯ ಮೇಲಿನ ದೇವರುಗಳು.

ಸಂಜೆ ಕಪ್ಪ ಕೇಳಲು ಹೋದ.

"ಯಾತರ ಕಪ್ಪ? ಗಿಡ ಸರ್ಕಾರದ್ದು, ಒಲಿ ನಂದು ಅಂತ ನೀವೇ ಅಂದೀರಿ. ಗಿರಾಕಿಗೆ ಅಡ್ಡ ನಿಂದ್ರಬ್ಯಾಡ್ರಿ, ಜರಾ ಸರೀರಿ."

ಅಷ್ಟರಲ್ಲಿ ಸೇಡಂನಿಂದ ಮರಳಿದ ಸಿರಾಜುದ್ದೀನ ಸರ್ ಭಜಿ ಕಚ್ಚುತ್ತಾ ಹತ್ತಿರ ಬಂದರು. "ಮುಂಜಾನಿ ಹೇಳೂದು ಅರ್ಧಕ್ಕ ನಿಂತಿತ್ತು ನೋಡು. ಕಡೀಕ ಒಬ್ಬ ಸಾಮಂತನೇ ರಾಷ್ಟ್ರಕೂಟರನ್ನ ಇಳಿಸಿ ಗಾದಿ ಮ್ಯಾಲ ಕುಂತ."

"ಅದನ್ನ ಮೊದಲ ಹೇಳಬಾರದೇನ್ರಿ ಸರ!" ಭಾಗಣ್ಣನ ಕಣ್ಣಲ್ಲಿ ನೀರೇ ಬಂತು.

ಗುಂಡಮ್ಮ ಬಿಸಿ ಭಜಿಯ ಪ್ಲೇಟನ್ನು ಅವನ ಕೈಗಿಟ್ಟಳು. "ಅಳಬ್ಯಾಡ್ರಿ ಸಾವಕಾರ್ರ. ನಿಮ್ಮ ಅಪ್ಪನ ಉಪ್ಪು ತಿಂದೀನಿ, ಕೈ ಬಿಡೂದಿಲ್ಲ. ನಾಳಿಂದ ನೀವು ನನ್ನ ಸಾಮಂತ."

ಭಾಗಣ್ಣನ ಮುಖ ಅರಳಿತು. ಸಾಮಂತನಾದವನು ಎಂದಾದರೊಂದು ದಿನ ಗಾದಿ ಏರಬಹುದಲ್ಲ! "ಹಂಗಾದ್ರ ಒಲಿ ಯಾವಾಗ ಕೊಡ್ತಿ?" ಎಂದ.

"ಒಲಿ ಇಲ್ರಿ, ನೀವು ಗ್ಲಾಸ್ ತೊಳೀರಿ," ಎಂದಳು ಗುಂಡಮ್ಮ. "ಸರ್ ಈಗ ಹೇಳಿದ್ದು ನಾನೂ ಕೇಳೀನಿ."