ಸಾಕಮ್ಮನಿಗೊಂದು ಲೋಟ ಕಾಫಿ

ಮೀಟಿಂಗಿನಲ್ಲಿ ಕೆಲಸ ಒಪ್ಪಿಕೊಳ್ಳುವಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ. ಒಪ್ಪಿಕೊಂಡ ಕ್ಷಣವೇ ಅರ್ಧ ಮುಗಿದಂತೆ ಹಗುರಾಗುತ್ತದೆ. ಉಳಿದರ್ಧ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಭ್ಯಾಸ ನಮ್ಮ ಪಾಂಡವಪುರದ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಅದು ನಮ್ಮ ಅಟೆಂಡರ್ ಸಾಕಮ್ಮನ ಹತ್ತಿರ ಹೋಗುತ್ತಿತ್ತು. ಕ್ಯಾತನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲು ತೆಗೆದು, ಕಸ ಗುಡಿಸಿ, ಸೀಮೆಎಣ್ಣೆ ಸ್ಟೌವಿಗೆ ಗಾಳಿ ಹೊಡೆದು ಕಾಫಿ ಕಾಯಿಸುವಷ್ಟರಲ್ಲಿ ನಮ್ಮ ಮಾತುಗಳನ್ನೂ ಆಕೆಯೇ ಉಳಿಸಿಕೊಟ್ಟಿರುತ್ತಿದ್ದಳು.

ಆಕೆಯ ನಿವೃತ್ತಿ ಬಂತು. ಬೀಳ್ಕೊಡುಗೆಗೆ ಏನೇನು ಆಗಬೇಕೆಂದು ಸೇರಿ ಮಾತಾಡಿದೆವು. "ಆರ ನಂಗ್ ಬುಡಿ" ಎಂದು ಹಾರದ ಹೊಣೆ ಒಪ್ಪಿಕೊಂಡರು ಹೆಡ್ ಕ್ಲಾರ್ಕ್ ಮರೀಗೌಡರು. ಕುರ್ಚಿ, ಜಮಖಾನದ ಹೊಣೆ ನಾಗಮಂಗಲದ ಗುಮಾಸ್ತ ಶಿವಲಿಂಗು ಹೊತ್ತ. ನಾನು ಸಾಕಮ್ಮನನ್ನೇ ಕರೆದು, "ಅವತ್ತು ಕಾಫಿ ನಂದು. ನೀನು ಕುರ್ಚಿ ಮೇಲೆ ಕೂತು ಕುಡಿಯೋದಷ್ಟೇ" ಎಂದೆ.

"ಕೂತ್ಕಂಡು ಕಾಫಿ ಕುಡ್ದು ಯಾವ ಕಾಲ ಆಯ್ತೋ. ಅದೊಂದು ಆಗ್ಲಿ ಕಣಮ್ಮಾವ್ರೆ, ಬ್ಯಾರೆ ಏನೂ ಬ್ಯಾಡ" ಎಂದಳು.

ಆ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಮನೆಯಲ್ಲಿ ಡಿಕಾಕ್ಷನ್ ಇಳಿಸಿ, ಫ್ಲಾಸ್ಕನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಚೇರಿಯಲ್ಲಿ ಜಮಖಾನ ಹಾಸಿತ್ತು, ಕುರ್ಚಿಗಳು ಸಾಲಾಗಿದ್ದವು, ಸೇವಂತಿಗೆ ಹಾರ ಒದ್ದೆ ಬಟ್ಟೆಯಲ್ಲಿ ತಣ್ಣಗಿತ್ತು. ಈ ಸಲವಾದರೂ ಎಲ್ಲರೂ ಕೊಟ್ಟ ಮಾತಿನಂತೆ ನಡೆದುಕೊಂಡರಲ್ಲ ಎಂದು ಸಂತೋಷಪಟ್ಟೆ. ಹಾರ ಹಾಕಿದಾಗ ಅಳತೆ ಹೇಳಿ ಮಾಡಿಸಿದಂತಿತ್ತು, ಹಾಗೆಂದು ಮೆಚ್ಚಿದೆ.

"ನನ್ ಅಳ್ತೆಗೇ ಕಟ್ಟಿವ್ನಿ ಬುಡಿ" ಎಂದಳು ಸಾಕಮ್ಮ. "ಯಾರ್ಗೋ ಒಂದ್ ಆರ ಬೇಕಿತ್ತು ಅಂದ್ರು ಗೌಡ್ರು. ಯಾರ್ಗೆ ಅಂತ ನಾನೂ ಕೇಳ್ನಿಲ್ಲ."

ಮರೀಗೌಡರು ಫ್ಯಾನು ನೋಡಿದರು. ಶಿವಲಿಂಗು ಜಮಖಾನದ ಅಂಚು ನೋಡಿದ. ಅದನ್ನು ಹಾಸಿದವಳೂ ಆಕೆಯೇ ಎಂದು ಗೊತ್ತಾಯಿತು.

"ಅಲ್ಲ ಕಣ್ಲಾ ಸಿವ್ಲಿಂಗು, ಅವಳ ಕಾರ್ಯಕ್ಕೆ ಅವಳ ಕೈಲೇ ಆಸುಸ್ತೀಯಲ್ಲ" ಎಂದು ಗೌಡರು ಗದರಿದರು.

"ನೀವ್ ಆರ ತಂದಂಗೇ ಸಾರ್" ಎಂದ ಅವನು.

ನಾನು ಇಬ್ಬರನ್ನೂ ಒಮ್ಮೆ ನೋಡಿ, ಮಾತು ಉಳಿಸಿಕೊಂಡವಳ ಗಾಂಭೀರ್ಯದಿಂದ ಫ್ಲಾಸ್ಕಿನ ಮುಚ್ಚಳ ತೆಗೆದೆ. ಆಗ ನೆನಪಾಯಿತು, ಹಾಲು.

"ಅಲ್ಲೇ ಕಾಸಿ ಮಡಗಿವ್ನಿ, ಸಕ್ರೆನೂವೆ ಆಕಿವ್ನಿ" ಎಂದಳು ಸಾಕಮ್ಮ, ಕುರ್ಚಿಯಿಂದ ಏಳದೆ. "ನೆನ್ನೆ ಬಸ್ ಅತ್ತೋವಾಗ ನೀವೇ ಅಂದ್ರಲ್ಲ, ನಾಳೀಕೆ ವಸಿ ಹಾಲು ತಂದಿರು ಅಂತ."

ಅಂದಿದ್ದೆ. ದಿನಾ ಅನ್ನುವಂತೆ, ಯೋಚಿಸದೆ ಅಂದಿದ್ದೆ. ಬೆರೆಸಿ ಆಕೆಗೂ ಉಳಿದವರಿಗೂ ಕೊಟ್ಟೆ. ಆಕೆ ಹಾರದ ಸಮೇತ ಕೂತು, ನಿಧಾನವಾಗಿ ಕುಡಿದಳು. "ಡಿಕಾಕ್ಸನ್ ವಸಿ ತೆಳ್ಳಗಾಯ್ತು. ಓಗ್ಲಿ, ಕೂತ್ಕಂಡು ಕುಡುದ್ನಲ್ಲ" ಎಂದು ಲೋಟ ಅಲ್ಲೇ ಇಟ್ಟು, ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟುಹೋದಳು.

ಲೋಟ ತೊಳೆಯುವುದನ್ನು ಮೀಟಿಂಗಿನಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ. ಸೋಮವಾರ ಬಂದು ನೋಡಿದರೆ ಅಷ್ಟೂ ಲೋಟಗಳಿಗೆ ಇರುವೆ ಮುತ್ತಿತ್ತು. ಈ ಕಚೇರಿಯಲ್ಲಿ ಯಾರಿಗೂ ಜವಾಬ್ದಾರಿಯೇ ಇಲ್ಲವಲ್ಲ ಎಂದು ಬೇಸರವಾಯಿತು. ಬಾಗಿಲ ಕಡೆ ತಿರುಗಿ "ಸಾಕಮ್ಮಾ" ಎಂದು ಕೂಗಿದೆ.